‘ಮ’ ಎಂದು ಬರೆದ ಎಂಟು ತೊಲೆಗಳು

ಜೂನ್ 9

ಅಪ್ಪಾ,

‘ಕಡಿದ ಮರಕ್ಕೆ ಮರೆವಿಲ್ಲ’ ಎಂದೋ, ‘ಕಡಿದ ಮರಕ್ಕೆ ಮರೆವೇ ಗತಿ’ ಎಂದೋ ಒಂದು ಸಾಲು ಬೆಳಗಿನಿಂದ ತಲೆಯೊಳಗೆ ಸುತ್ತುತ್ತಿದೆ. ಎಲ್ಲಿ ಓದಿದ್ದೆ, ಎರಡರಲ್ಲಿ ಯಾವುದು ಸರಿ, ಒಂದೂ ನೆನಪಿಲ್ಲ. ಯೋಚಿಸಿದರೆ ಎರಡೂ ಸುಳ್ಳು ಅನ್ನಿಸುತ್ತದೆ. ಮರ ನೆನಪಿಟ್ಟುಕೊಳ್ಳುವುದೂ ಇಲ್ಲ, ಮರೆಯುವುದೂ ಇಲ್ಲ. ನಾವು ಸೀಮೆಸುಣ್ಣದಲ್ಲಿ ಏನು ಬರೆದರೂ ಹೊತ್ತುಕೊಂಡು ಬಿದ್ದಿರುತ್ತದೆ. ಎಂ.ಎ. ಓದಿ ಹಳೇ ಮರ ಮಾರುವವಳಿಗೆ ಇಂಥ ಯೋಚನೆಗಳೇ ಬರುವುದು ಎಂದು ನೀನು ನಗುತ್ತೀಯ. ನಗು.

ನೂಲಿನ ಗಿರಣಿ ಕೆಡವಿದಾಗ ತಂದ ಮರ ಹೆಚ್ಚುಕಡಿಮೆ ಖಾಲಿಯಾಯಿತು. ಕೊನೆಯ ಕಂಬವನ್ನು ನಿನ್ನೆ ಸೀಳಿಸಿದೆ. ನೂರು ವರ್ಷ ಹೊಗೆ ಕುಡಿದು ಕಪ್ಪಾದ ಮರ, ಒಳಗೆ ಜೇನಿನ ಬಣ್ಣ. ಬೆರಳಗಲದಲ್ಲಿ ಇಪ್ಪತ್ತು ಉಂಗುರ ಎಣಿಸಿದೆ. ಈಗ ನೆಟ್ಟು, ಬೆಳೆಸಿ, ಕಡಿಯುವ ಮರದಲ್ಲಿ ಅಷ್ಟು ಅಗಲಕ್ಕೆ ಎರಡು ಸಿಕ್ಕರೆ ಹೆಚ್ಚು. ಅಂಥ ಕಾಡು ಇನ್ನೆಲ್ಲೂ ಉಳಿದಿಲ್ಲ, ಹಳೇ ಕಟ್ಟಡಗಳ ಹೊಟ್ಟೆಯೊಳಗೆ ಮಾತ್ರ ಇದೆ ಎಂದು ನೀನು ಗಿರಾಕಿಗಳಿಗೆ ಹೇಳುತ್ತಿದ್ದೆ. ಈಗ ನಾನೂ ಅದನ್ನೇ ಹೇಳುತ್ತೇನೆ, ನಿನ್ನ ಹಾಗೇ ಕೈ ಬೀಸಿಕೊಂಡು.

ನೀನು ‘ಮ’ ಎಂದು ಬರೆದಿಟ್ಟಿದ್ದ ಎಂಟು ತೊಲೆಗಳು ಒಂದೇ ಕಡೆ ಹೋದವು. ಗಡಿಯಾರದ ಅಂಗಡಿ ಬೀದಿಯಲ್ಲಿ ಒಬ್ಬ ಹೊಲಿಗೆ ಟೀಚರ್ ಇದ್ದಾರೆ. ಮನೆಯ ಮೇಲೆ ಮಹಡಿ ಕಟ್ಟಿಸಿದರು, ಅಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುತ್ತಾರೆ.

ಈ ಪತ್ರ ಬರೆಯುತ್ತಿರುವುದಕ್ಕೆ ಒಂದು ಸಣ್ಣ ಕಾರಣವಿದೆ. ಇವತ್ತು ಗಡ್ಡದ ಬಡಗಿ ಬಂದಿದ್ದ. ಆ ತೊಲೆಗಳಿಂದ ಕತ್ತರಿಸಿ ಉಳಿದ ಒಂದು ತುಂಡಿನ ಮೇಲೆ ಕೂತು ಚಹಾ ಕುಡಿಯುತ್ತ, “ಇದೇನಮ್ಮ, ಮ?” ಅಂದ.

“ಮಹಡಿ. ಬಾ ಅಂದ್ರೆ ಬಾಗಿಲು, ಹ ಅಂದ್ರೆ ಹಲಗೆ, ಮ ಅಂದ್ರೆ ಮಹಡಿ. ಇಷ್ಟು ವರ್ಷ ಬಂದು ಹೋಗ್ತಿದ್ದೀಯ, ಗೊತ್ತಿಲ್ವಾ?”

“ನಿಮ್ಮಪ್ಪ ಯಾವತ್ತು ಮಹಡಿ ಅಂದಿದ್ರು? ಮೂರು ಅಂತಸ್ತಿನ ಆಸ್ಪತ್ರೆಗೂ ‘ಅಟ್ಟ ಹತ್ತಿ ಹೋಗು’ ಅನ್ನೋ ಮನುಷ್ಯ ಅವರು.”

ಇಬ್ಬರೂ ನಕ್ಕೆವು. ಅವನು ಹೋದ ಮೇಲೆ ನನಗೆ ನಗು ಉಳಿಯಲಿಲ್ಲ. ನೀನು ಸುತ್ತಿಗೆಯಿಂದ ಬಡಿದು, ಸದ್ದು ಕೇಳಿ, ಗುರುತು ಹಾಕಿದ ಮರವನ್ನು ನಾನು ಯಾವತ್ತೂ ಎರಡನೇ ಸಲ ನೋಡಿದವಳಲ್ಲ. ಜನವರಿಯಲ್ಲಿ ನೀನು ಬಿದ್ದು ಅಕ್ಕನ ಮನೆ ಸೇರಿದ ಮೇಲೆ ನಿನ್ನ ಕಿವಿ ಮಂದವಾಗಿ ಫೋನಿನಲ್ಲಿ ಮಾತಾಡುವುದೂ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ. ಮ ಅಂದರೆ ಮಹಡಿ ತಾನೇ?

ನಿನ್ನ
ಪುಟ್ಟಿ

*

ಜೂನ್ 18

ಪುಟ್ಟಿ,

ನಿನ್ನ ಕಾಗದ ಬಂತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮಕ್ಕನ ಮನೆಯ ಊಟದ ಮೇಜು ಮರದ ಪುಡಿ ಒತ್ತಿ ಮಾಡಿದ್ದು. ಮೇಲೆ ಮರದ ಚಿತ್ರ ಅಂಟಿಸಿದ್ದಾರೆ. ಅದರಲ್ಲಿ ಒಂದೇ ಗಂಟು ನಾಲ್ಕು ಕಡೆ ಬಂದಿದೆ. ದಿನಾ ಅದರ ಮೇಲೆ ಊಟ ಮಾಡುತ್ತೇನೆ. ಏನೂ ಹೇಳಿಲ್ಲ.

ಸೊಂಟ ಪರವಾಗಿಲ್ಲ. ಕೋಲು ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇನೆ. ನಿಮ್ಮಕ್ಕ ಕಿಟಕಿಯಲ್ಲಿ ನಿಂತು ಕಾಯುತ್ತಾಳೆ, ನಾನು ಓಡಿಹೋಗುತ್ತೇನೆ ಅನ್ನುವ ಹಾಗೆ. ಗರಗಸದ ಪಟ್ಟಿ ಬದಲಿಸಿದೆಯಾ? ಮೊಳೆ ಕಿತ್ತ ತೂತುಗಳನ್ನು ಆಯಸ್ಕಾಂತ ಹಿಡಿದು ಇನ್ನೊಮ್ಮೆ ನೋಡದೆ ಯಾವ ಮರವನ್ನೂ ಗರಗಸಕ್ಕೆ ಕೊಡಬೇಡ.

ಎಂಟಕ್ಕೆ ಎಂಟೂ ಕೊಟ್ಟೆಯಾ? ಹಿಂದಿನ ಗೋಡೆಯ ಪಕ್ಕ ಇದ್ದವು ಬೇರೆ ಇರಬಹುದು. ಸರಿಯಾಗಿ ನೋಡು. ಈ ಕಾಗದ ಸಿಕ್ಕಿದ ದಿನವೇ ಬರೆ.

ಅಪ್ಪ

*

ಜೂನ್ 24

ಅಪ್ಪಾ,

ಸಿಕ್ಕಿದ ದಿನವೇ ಬರೆಯುತ್ತಿದ್ದೇನೆ. ಹಿಂದಿನ ಗೋಡೆಯ ಪಕ್ಕ ಏನೂ ಇಲ್ಲ. ಎಂಟೂ ಹೋಗಿವೆ. ಏಪ್ರಿಲಿನಲ್ಲೇ ಗೋಡೆಯ ಮೇಲೆ ಕೂತು, ಮೇಲೆ ಹಲಗೆ ಬಿಗಿದು, ಅದರ ಮೇಲೆ ಹನ್ನೆರಡು ಹೊಲಿಗೆ ಮಷಿನ್‌ಗಳು ನಿಂತಿವೆ. ಕಾಲಲ್ಲಿ ತುಳಿಯುವ ಹಳೇ ಕಬ್ಬಿಣದ ಮಷಿನ್‌ಗಳು. ಟೀಚರು ಕೆಳಗೇ ಇರುತ್ತಾರೆ. ಅವರ ಮಂಚ ನಾಲ್ಕನೇ ತೊಲೆಯ ನೇರಕ್ಕಿದೆ. ಅದು ನನಗೆ ಹೇಗೆ ಗೊತ್ತೆಂದರೆ, ಕೂರಿಸುವ ದಿನ ನಾನೇ ನಿಂತು ನೋಡಿದ್ದೆ. ಕೆಳಗೆ ಮಲಗಿದರೆ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿ ಎಂದು ಅವರಿಗೆ ಹೇಳಿದ್ದೂ ನಾನೇ.

ನೀನು ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ. ನಿನ್ನೆ ಅಕ್ಕನಿಗೆ ಫೋನ್ ಮಾಡಿ, ನಿನ್ನ ಕಿವಿಯ ಹತ್ತಿರ ಕೂಗಿ ಕೇಳು ಅಂದೆ. ಅವಳು “ಮ ಅಂದ್ರೆ ಏನಂತೆ” ಎಂದು ಪಕ್ಕದ ಬೀದಿಗೂ ಕೇಳಿಸುವ ಹಾಗೆ ಕೂಗಿದಳು. ನೀನು “ಹೂಂ, ಆಯ್ತು ಊಟ” ಅಂದೆ. ಅದು ನಿಜವಾಗಿ ಕೇಳಿಸದೆ ಹೇಳಿದ್ದೋ, ಕೇಳಿಸಿಯೂ ಹೇಳಿದ್ದೋ, ನನಗೆ ಗೊತ್ತಾಗಲಿಲ್ಲ.

ಕೋಪ ಮಾಡಿಕೊಳ್ಳುವುದಿಲ್ಲ. ಹೇಳು.

ಪುಟ್ಟಿ

*

ಜುಲೈ 4

ಅಪ್ಪಾ,

ಹತ್ತು ದಿನವಾಯಿತು. ಮ ಅಂದರೆ ಏನು?

ಪುಟ್ಟಿ

*

ಜುಲೈ 10

ಪುಟ್ಟಿ,

ಮ ಅಂದರೆ ಮತ್ತೆ.

ಮತ್ತೆ ನೋಡಬೇಕು ಅಂತ. ಆ ಗುರುತು ಮೊದಲು ಇರಲಿಲ್ಲ. ಗಿರಣಿಯ ಮರ ಬಂದಾಗ ನಾನೇ ಶುರು ಮಾಡಿದ್ದು. ನಿನಗೆ ಹೇಳಲಿಲ್ಲ.

ಒಳ್ಳೆಯ ತೊಲೆಯ ಒಂದು ತುದಿಗೆ ಬಡಿದರೆ ಸದ್ದು ಆ ತುದಿಗೆ ಹೋಗಿ ವಾಪಸ್ ಬರುತ್ತದೆ. ಒಳಗೆ ಟೊಳ್ಳಾಗಿದ್ದರೆ ದೊಪ್ ಅಂತ ಅಲ್ಲೇ ಬಿದ್ದುಹೋಗುತ್ತದೆ. ನಲವತ್ತು ವರ್ಷ ನಾನು ಮಾಡಿದ್ದು ಇಷ್ಟೇ, ಬಡಿಯುವುದು, ಕೇಳುವುದು. ಎರಡು ವರ್ಷದ ಹಿಂದೆ ಬಲಗಿವಿ ಹೋಯಿತು. ಆಮೇಲೆ ಎಡಗಿವಿಯೂ ಹೋಗುತ್ತ ಬಂತು. ಯಾರಾದರೂ ಮಾತಾಡಿದರೆ ತುಟಿ ನೋಡುತ್ತಿದ್ದೆ. ಗರಗಸ ಓಡುವಾಗ ಯಾರಿಗೂ ಏನೂ ಕೇಳಿಸುವುದಿಲ್ಲವಲ್ಲ. ಅದಕ್ಕೇ ದಿನವೆಲ್ಲ ಗರಗಸದ ಪಕ್ಕ ನಿಂತಿರುತ್ತಿದ್ದೆ. ಅಲ್ಲಿ ಎಲ್ಲರೂ ನನ್ನ ಹಾಗೇ ಇರುತ್ತಿದ್ದರು.

ಗಿರಣಿಯ ಮರದಲ್ಲಿ ಬೇರೆಯವನ್ನೆಲ್ಲ ಕಣ್ಣಲ್ಲಿ ನೋಡಿ, ಮೂಸಿ, ತೂಕ ನೋಡಿ ಹೇಳಿದೆ. ಅವು ಸರಿ ಇವೆ, ಅದಕ್ಕೆ ನಾನು ಜವಾಬ್ದಾರಿ. ಆ ಎಂಟು ನೋಡಲು ಚೆನ್ನಾಗಿದ್ದವು. ಆದರೆ ಗಿರಣಿಯಲ್ಲಿ ನೀರಿನ ತೊಟ್ಟಿಯ ಕಡೆಯ ಗೋಡೆಯೊಳಗೆ ಇದ್ದ ತೊಲೆಗಳು ಅವು. ಅಂಥದ್ದು ಹೊರಗೆ ಚೆನ್ನಾಗಿದ್ದು ಒಳಗೆ ಕೊಳೆಯುತ್ತದೆ. ಅಂಗೈ ಇಟ್ಟು ಬಡಿದೆ. ಕೈಗೆ ಏನೋ ಗೊತ್ತಾದ ಹಾಗೆ ಆಗುತ್ತಿತ್ತು, ಖಾತ್ರಿ ಇರಲಿಲ್ಲ. ಇನ್ನೊಬ್ಬರನ್ನು ಜೊತೆಗೆ ನಿಲ್ಲಿಸಿಕೊಂಡು ಕೇಳಿಸಬೇಕು ಅಂತ ಮ ಬರೆದಿಟ್ಟೆ. ಯಾರನ್ನು ಕರೆದರೂ ವಿಷಯ ಗೊತ್ತಾಗಿಬಿಡುತ್ತಿತ್ತು. ಇವತ್ತು ನಾಳೆ ಅಂತ ತಳ್ಳಿದೆ. ಜನವರಿಯಲ್ಲಿ ರಾಶಿಯ ಮೇಲಿಂದ ಬಿದ್ದೆ. ಕೆಳಗಿನಿಂದ ನೀವೆಲ್ಲ ಕೂಗಿದಿರಂತೆ, ತೊಲೆ ಜಾರುತ್ತಿದೆ ಅಂತ. ಬಿದ್ದದ್ದರಿಂದ ಕಿವಿ ಹೋಯಿತು ಅಂದುಕೊಂಡವರು ನೀವು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ.

ಎಂಟೂ ಗಟ್ಟಿ ಇರಬಹುದು.

ಆ ಹೆಂಗಸಿಗೆ ಇವತ್ತೇ ಹೇಳು. ಮಷಿನ್ ಕೆಳಗಿಳಿಸಲಿ. ಮಂಚ ಬೇರೆ ಕಡೆ ಹಾಕಲಿ.

ಅಪ್ಪ

*

ಜುಲೈ 21

ಅಪ್ಪಾ,

ನಿನ್ನ ಪತ್ರ ಹದಿಮೂರಕ್ಕೇ ಸಿಕ್ಕಿತು. ಇವತ್ತು ಇಪ್ಪತ್ತೊಂದು. ನಾನಿನ್ನೂ ಹೇಳಿಲ್ಲ.

ಹದಿನಾಲ್ಕಕ್ಕೆ ಹೋದೆ. ಬೀದಿಯ ಆ ಕಡೆ, ಗಡಿಯಾರದ ಅಂಗಡಿಯ ಮುಂದೆ ನಿಂತೆ. ಮೇಲಿನ ಕಿಟಕಿ ತೆರೆದಿತ್ತು. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು, ಮಷಿನ್‌ಗಳೆಲ್ಲ ಒಟ್ಟಿಗೆ ನಿಂತು ಮತ್ತೆ ಶುರುವಾದವು. ಅಂಗಡಿಯವನು “ಏನು ಬೇಕಮ್ಮ?” ಅಂದ. ಟೈಮ್ ಎಷ್ಟು ಅಂದೆ. ಅವನ ಹಿಂದೆ ಗೋಡೆಯ ತುಂಬ ಗಡಿಯಾರಗಳಿದ್ದವು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾವುದು ಬೇಕೋ ನೋಡ್ಕೊಳ್ಳಿ ಅಂದ.

ಹದಿನೆಂಟಕ್ಕೆ ಮತ್ತೆ ಹೋದೆ. ಬರಿಗೈಯಲ್ಲಿ ಹೋಗಲು ಆಗಲಿಲ್ಲ, ಒಂದು ಹರಿದ ಚೀಲ ತೆಗೆದುಕೊಂಡು ಹೋದೆ. ಹೊಲಿಸುವ ನೆಪ. ಮೇಲೆ ಬನ್ನಿ ಅಂದರು. ಹತ್ತಿದೆ. ಅಪ್ಪಾ, ಆ ಹಲಗೆಯ ಮೇಲೆ ನಾನು ಹೇಗೆ ನಡೆದೆ ಎಂದು ನಿನಗೆ ಹೇಗೆ ಹೇಳಲಿ. ಮಲಗಿರುವ ಮಗುವಿನ ಪಕ್ಕ ನಡೆಯುವ ಹಾಗೆ. ಹನ್ನೆರಡು ಜೊತೆ ಕಾಲುಗಳು ತುಳಿಯುತ್ತಿದ್ದವು, ನೆಲವೆಲ್ಲ ಸಣ್ಣಗೆ ನಡುಗುತ್ತಿತ್ತು. ಎಲ್ಲ ಮಹಡಿಯೂ ಹಾಗೇ ನಡುಗುತ್ತದೋ, ಇದೊಂದೇ ಹಾಗೋ, ನನಗೆ ತಿಳಿಯಲಿಲ್ಲ. ಟೀಚರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, “ನಿಮ್ಮ ಮರ ನೋಡಿ ಎಲ್ರೂ ಕೇಳ್ತಾರೆ, ಎಲ್ಲಿಂದ ತಂದ್ರಿ ಅಂತ,” ಅಂದರು. ಚೀಲ ಕೊಟ್ಟು ಬಂದೆ.

ಭಯ ಯಾವುದಕ್ಕೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ತೊಲೆ ಮುರಿಯುವುದಕ್ಕೆ ಅಂದುಕೊಂಡರೆ, ಅದು ಹೇಳಿಬಿಡಲು ಕಾರಣವೇ ಹೊರತು ಸುಮ್ಮನಿರಲು ಅಲ್ಲ. ಹೇಳಿದ ಮರುದಿನ ಊರಿಗೆಲ್ಲ ಗೊತ್ತಾಗುತ್ತದೆ. ನಿನ್ನ ಸುತ್ತಿಗೆಯನ್ನು ನಂಬಿ ಈ ಊರಲ್ಲಿ ಎಷ್ಟು ಮನೆ ಕಟ್ಟಿದ್ದಾರೆ. ಎಲ್ಲರೂ ತಲೆ ಎತ್ತಿ ತಮ್ಮ ಸೂರನ್ನು ನೋಡುತ್ತಾರೆ. ಆಮೇಲೆ ನಮ್ಮ ಮರದ ಡಿಪೋಗೆ ಯಾರು ಬರುತ್ತಾರೆ? ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆದಿದ್ದೇನೆ.

ಇನ್ನೊಂದು ಇದೆ. ಹೋದ ವರ್ಷ ಒಂದು ಮಧ್ಯಾಹ್ನ ನಿನ್ನನ್ನು ಹಿಂದಿನಿಂದ ಮೂರು ಸಲ ಕರೆದೆ. ಗರಗಸ ನಿಂತಿತ್ತು. ನೀನು ತಿರುಗಲಿಲ್ಲ. ನನ್ನ ಮೇಲೆ ಏನೋ ಸಿಟ್ಟಿರಬೇಕು ಅಂದುಕೊಂಡು ಒಳಗೆ ಹೋದೆ. ಹಾಗೆ ಅಂದುಕೊಳ್ಳುವುದು ನನಗೆ ಹಗುರವಾಗಿತ್ತು. ನಿನಗೆ ಕೇಳಿಸುತ್ತಿಲ್ಲ ಎಂದು ಆವತ್ತೇ ಒಪ್ಪಿಕೊಂಡಿದ್ದರೆ ಸುತ್ತಿಗೆ ನಿನ್ನ ಕೈಯಿಂದ ತೆಗೆದುಕೊಳ್ಳಬೇಕಾಗುತ್ತಿತ್ತು. ಯಾರು ತೆಗೆದುಕೊಳ್ಳುತ್ತಾರೆ ಅದನ್ನು?

ನಿನ್ನ ಮೇಲೆ ತುಂಬ ಕೋಪ ಬಂದಿದೆ. ಬರುವುದಿಲ್ಲ ಅಂದಿದ್ದೆ, ಬಂದಿದೆ.

ಪುಟ್ಟಿ

*

ಜುಲೈ 25

ಪುಟ್ಟಿ,

ಚೀಲ ಹೊಲಿಯಲು ಕೊಟ್ಟು ಬಂದೆಯಾ. ಸರಿ.

ಇನ್ನು ನಾನು ಹೇಳಿದ ಹಾಗೆ ಮಾಡು. ಗಡ್ಡದ ಬಡಗಿಯನ್ನು ಕರೆದುಕೊಂಡು ಹೋಗು. ಅವನ ಬಾಯಿ ದೊಡ್ಡದು, ಆದರೆ ಕಿವಿ ಒಳ್ಳೆಯದು. ನಾಲ್ಕು ಕಬ್ಬಿಣದ ಆಸರೆ ಕಂಬ ಮೊದಲೇ ತರಿಸಿಟ್ಟುಕೊಳ್ಳಿ. ಮೇಲೆ ಒಬ್ಬರೂ ಇರಬಾರದು, ಒಂದು ಮಷಿನ್ನೂ ಇರಬಾರದು. ಗೋಡೆಯೊಳಗೆ ಹೋಗುವ ತುದಿಯಿಂದ ಒಂದು ಮೊಳ ಈಚೆ ಬಡಿಯಿರಿ. ಒಬ್ಬರು ಬಡಿದರೆ ಇನ್ನೊಬ್ಬರು ಆ ತುದಿಯಲ್ಲಿ ಏಣಿ ಹತ್ತಿ ಕಿವಿ ಇಡಬೇಕು. ಕಿವಿ ಇಡುವವಳು ನೀನು. ಬಡಗಿ ಹೇಳಿದ್ದನ್ನು ಕೇಳಿ ನಂಬಬೇಡ, ನೀನೇ ಕೇಳು. ನಾನು ಹೇಳಿದ್ದನ್ನು ನಂಬಿ ಆದದ್ದು ನೋಡಿದೆಯಲ್ಲ.

ಅವರು ಬೈದರೆ ನನ್ನ ಹೆಸರು ಹೇಳು. ನಮ್ಮಪ್ಪ ಕಿವುಡ, ಕಿವುಡ ಅಂತ ಯಾರಿಗೂ ಹೇಳಲಿಲ್ಲ ಅಂತ ಹೇಳು. ಡಿಪೋ ಮುಚ್ಚಿದರೆ ಮುಚ್ಚಲಿ. ನನಗೆ ಈಗ ಊಟ ಸೇರುವುದಿಲ್ಲ. ನಿಮ್ಮಕ್ಕ ಮೇಜಿನ ಮೇಲೆ ಕೋಪ ಅಂದುಕೊಂಡಿದ್ದಾಳೆ.

ಅಪ್ಪ

*

ಆಗಸ್ಟ್ 5

ಅಪ್ಪಾ,

ಮುಗಿಯಿತು. ಮೊದಲಿಂದ ಹೇಳುತ್ತೇನೆ, ನಡುವೆ ಹಾರಿಸಿ ಓದಬೇಡ.

ಮೊನ್ನೆ ಬೆಳಿಗ್ಗೆ ಹೋದೆ. ಟೀಚರು ಬಾಗಿಲಲ್ಲೇ ಚೀಲ ತಂದುಕೊಟ್ಟರು. ನಾನು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಮ ಅಂದರೆ ಮತ್ತೆ ಎಂಬುದರಿಂದ ಹಿಡಿದು ನೀರಿನ ತೊಟ್ಟಿಯ ಗೋಡೆಯವರೆಗೆ. ಅವರು ಪೂರ್ತಿ ಕೇಳಿದರು. ಆಮೇಲೆ ಮೆಟ್ಟಿಲ ಬುಡಕ್ಕೆ ಹೋಗಿ, “ಎಲ್ರೂ ಕೆಲಸ ಬಿಟ್ಟು ಇಳೀರಿ. ಒಬ್ಬೊಬ್ರಾಗಿ, ನಿಧಾನಕ್ಕೆ,” ಅಂದರು.

“ಈ ಒಂದು ಅಂಚು ಮುಗಿಸ್ಕೊಂಡ್ ಬರ್ತೀನಿ ಟೀಚರ್,” ಎಂದು ಯಾರೋ ಮೇಲಿಂದ ಕೂಗಿದರು.

“ಅಂಚು ಹಾಳಾಗ್ಲಿ, ಇಳಿಯೇ.”

ಹನ್ನೆರಡೂ ಜನ ಇಳಿದು ಬೀದಿಯಲ್ಲಿ ನಿಂತ ಮೇಲೆ ನನ್ನ ಕಡೆ ತಿರುಗಿದರು.

“ನಿಮಗೆ ಯಾವತ್ತು ಗೊತ್ತಾಯ್ತು?”

“ಹೋದ ತಿಂಗಳು ಹದಿಮೂರಕ್ಕೆ.”

“ಈ ಚೀಲ ತಂದಿದ್ದು?”

“ಹದಿನೆಂಟು.”

“ಆವತ್ತು ಜಿಪ್ ಹಾಕ್ಲಾ ಬೇಡ್ವಾ ಅಂತ ಕೇಳಿದ್ದೆ. ಹಾಕಿ ಅಂದ್ರಿ.”

ಅಷ್ಟೇ ಅವರು ನನಗೆ ಹೇಳಿದ್ದು. ನಿನ್ನ ಹೆಸರು ಹೇಳುವ ಸಂದರ್ಭ ಬರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲ. ಗುರುತು ಹಾಕಿದವನು ನೀನು, ಆದರೆ ತಪ್ಪಾಗಿ ಓದಿ ಮಾರಿದವಳು, ಗೊತ್ತಾದ ಮೇಲೆ ಇಪ್ಪತ್ತೊಂದು ದಿನ ಬಾಯಿಮುಚ್ಚಿಕೊಂಡು ಕೂತವಳು ನಾನು.

ಮಷಿನ್‌ಗಳನ್ನು ಇಳಿಸಲು ಮಧ್ಯಾಹ್ನವಾಯಿತು. ಬಡಗಿ ಕಂಬಗಳನ್ನು ತಂದ. ದಾರಿಯುದ್ದಕ್ಕೂ “ಅಟ್ಟ ಅಂತ ನಾನು ಆವತ್ತೇ ಹೇಳಿದ್ನಲ್ಲ” ಎನ್ನುತ್ತಿದ್ದವನು ಒಳಗೆ ಬಂದ ಮೇಲೆ ತಲೆ ಎತ್ತಿ ತೊಲೆಗಳನ್ನು ಎಣಿಸಿದ. ಅವನು ಬಡಿದ, ನಾನು ಏಣಿಯ ಮೇಲೆ ನಿಂತು ಕಿವಿ ಇಟ್ಟೆ.

ಅಪ್ಪಾ, ನಲವತ್ತು ವರ್ಷ ನೀನು ಏನು ಕೇಳುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಮೊದಲನೆಯ ತೊಲೆ ನನ್ನ ಕೆನ್ನೆಯ ಮೂಳೆಯೊಳಗೇ ಮೊಳಗಿತು. ಹಳೆಯ ಮರದ ಸದ್ದು ಇಷ್ಟು ಸ್ವಚ್ಛವಾಗಿರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಎರಡು, ಮೂರು. ನಾಲ್ಕನೆಯದು, ಅವರ ಮಂಚದ ಮೇಲಿನದು, ಎಲ್ಲಕ್ಕಿಂತ ಗಟ್ಟಿ. ಐದು, ಆರು ಸರಿ. ಆರು ಮುಗಿಯುವ ಹೊತ್ತಿಗೆ ಎಂಟೂ ಗಟ್ಟಿಯೇ ಎಂದು ಮನಸ್ಸು ತೀರ್ಮಾನ ಮಾಡಿಬಿಟ್ಟಿತ್ತು. ಇಷ್ಟೆಲ್ಲ ರಂಪ ಮಾಡಿದ್ದಕ್ಕೆ ಟೀಚರ ಹತ್ತಿರ ಹೇಗೆ ಕ್ಷಮೆ ಕೇಳುವುದು ಎಂದು ಯೋಚಿಸುತ್ತಿದ್ದೆ.

ಏಳನೆಯದಕ್ಕೆ ಬಡಿದ. ನನಗೆ ಏನೂ ಕೇಳಿಸಲಿಲ್ಲ. “ಬಡಿ,” ಅಂದೆ. “ಬಡಿದೆನಲ್ಲ,” ಅಂದ. ಮತ್ತೆ ಬಡಿದ. ಹತ್ತಿ ತುಂಬಿದ ಮೂಟೆಗೆ ಬಡಿದ ಹಾಗೆ, ಸದ್ದು ನನ್ನವರೆಗೆ ಬರಲೇ ಇಲ್ಲ. ಅವನು ಗೋಡೆಯ ಹತ್ತಿರ ಉಳಿ ಇಟ್ಟು ಒತ್ತಿದ. ಮೇಲಿನ ಎರಡು ಬೆರಳಷ್ಟು ಮರ ಕಬ್ಬಿಣದ ಹಾಗಿತ್ತು. ಅದು ದಾಟಿದ ಮೇಲೆ ಉಳಿ ಹಿಡಿಕೆಯವರೆಗೆ ಹೋಯಿತು. ಹಿಂದಕ್ಕೆ ಎಳೆದಾಗ ಕಾಫಿಪುಡಿಯಂಥದ್ದು ಉದುರಿತು. ಬಡಗಿ ಏಣಿಯಿಂದ ಇಳಿದು, ಯಾರನ್ನೂ ಕೇಳದೆ ಎರಡು ಕಂಬ ತಂದು ಅದರ ಕೆಳಗೆ ಕೊಟ್ಟು ಬಿಗಿದ. ಆ ತೊಲೆಯ ಮೇಲೆ ಮೂರು ಮಷಿನ್‌ಗಳಿದ್ದವು.

ಎಂಟನೆಯದು ಸರಿ ಇತ್ತು. ಆದರೂ ಮೂರು ಸಲ ಬಡಿಸಿದೆ.

ನಿನ್ನೆ, ಇವತ್ತು ಎರಡು ದಿನ ಕೂತು ಏಳನೆಯದನ್ನು ತೆಗೆಸಿ ಬೇರೆ ಹಾಕಿಸಿದೆ. ನಮ್ಮ ಮುಂಗಟ್ಟಿನಲ್ಲಿದ್ದ, ನೀನು ಯಾರಿಗೂ ಕೊಡಬೇಡ ಅಂದಿದ್ದ ಆ ಉದ್ದದ ತೊಲೆ. ಕೊಟ್ಟೆ. ಕೂರಿಸುವ ಮೊದಲು ಟೀಚರು ತಾವೇ ಏಣಿ ಹಾಕಿಸಿಕೊಂಡು, ಬಡಗಿಯಿಂದ ಬಡಿಸಿ, ಕಿವಿ ಇಟ್ಟು ಕೇಳಿದರು. ನನ್ನ ಮಾತಿಗೆ ಕಾಯಲಿಲ್ಲ. ಇನ್ನು ಮೇಲೆ ನಮ್ಮಲ್ಲಿ ತೊಲೆ ಕೊಳ್ಳುವವರೆಲ್ಲ ಹೀಗೇ ಕೇಳಿ ತೆಗೆದುಕೊಳ್ಳಲಿ ಎಂದು ನನಗೆ ಅನ್ನಿಸಿತು. ಬರುವವರಿದ್ದರೆ.

ಸಿಟ್ಟು ಪೂರ್ತಿ ಹೋಗಿಲ್ಲ. ಊಟ ಮಾಡು.

ಪುಟ್ಟಿ

ತಾ.ಕ. ಸಂಜೆ ಹೊರಡುವಾಗ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಮಷಿನ್‌ಗಳನ್ನು ವಾಪಸ್ ಮೇಲಕ್ಕೆ ಹೊರುವುದನ್ನು ನೋಡುತ್ತಿದ್ದವರು ನನ್ನನ್ನು ಕರೆದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

“ಅಲ್ಲ ಕಣಮ್ಮ, ಹೋದ ವಾರ ಕೋಲು ಹಿಡ್ಕೊಂಡು ಒಬ್ರು ಯಜಮಾನ್ರು ಬಂದಿದ್ರು. ಎರಡು ದಿನ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದೋರು ನಮ್ಮ ಮೆಟ್ಟಿಲ ಮೇಲೆ ಕೂತ್ಕೊಂಡ್ರು. ಏನು ಬೇಕು, ಯಾರು ಬೇಕು ಅಂದ್ರೆ ಒಂದೂ ಕೇಳಿಸ್ತಿರ್ಲಿಲ್ಲ. ಸುಮ್ನೆ ಮೇಲಿನ ಕಿಟಕಿ ನೋಡೋದು, ಆ ಗೋಡೆ ಮೇಲೆ ಅಂಗೈ ಇಟ್ಕೊಳ್ಳೋದು. ಸಂಜೆ ಹುಡುಗೀರೆಲ್ಲ ಇಳಿದು ಹೋಗ್ತಿದ್ರಲ್ಲ, ಹನ್ನೆರಡೂ ಜನಾನ ಬೆರಳಲ್ಲಿ ಎಣಿಸ್ಕೊಂಡು, ಆಮೇಲೇ ಎದ್ದು ಹೋದ್ರು. ನೀರು ಕೊಟ್ರೂ ಕುಡೀಲಿಲ್ಲ. ನಿಮ್ಮ ಕಡೆಯವರಾ ಅವರು?”